ಕೊಡಲಿ ಕರುಣಾಕರರ ಮಾನನಷ್ಟ

ಯಾರ ಬಗ್ಗೆಯೂ ಕೆಟ್ಟ ಮಾತಾಡುವ ಅಭ್ಯಾಸ ನನಗಿಲ್ಲ. ನಾನು ಬರೆಯುತ್ತೇನೆ, ಅಷ್ಟೇ. ಮಾತಾಡಿದರೆ ಚಾಡಿ ಅನ್ನುತ್ತಾರೆ, ಬರೆದರೆ ಬ್ಲಾಗ್ ಅನ್ನುತ್ತಾರೆ. ಮೂಡುಬಿದಿರೆಯಲ್ಲಿ ಬಳೆ, ರಿಬ್ಬನ್, ಕ್ಲಿಪ್ಪು ಮಾರುವ ನನ್ನ ಅಂಗಡಿಗೆ ಮಧ್ಯಾಹ್ನದ ಹೊತ್ತು ನೊಣವೂ ಬರುವುದಿಲ್ಲ. ಆಗ ಕೌಂಟರಿನ ಹಿಂದೆ ಕೂತು ಮೊಬೈಲಿನಲ್ಲಿ ತುಳು ಸಿನಿಮಾದವರ ಸುದ್ದಿ ಬರೆಯಲು ಶುರು ಮಾಡಿದೆ. ಯಾವ ನಾಯಕಿ ಒಂದು ಮದುವೆಗೆ ಉಟ್ಟ ಸೀರೆಯನ್ನೇ ಇನ್ನೊಂದಕ್ಕೂ ಉಟ್ಟಳು, ಯಾವ ನಾಯಕನ ಕೂದಲು ಜಡಿಮಳೆಯಲ್ಲೂ ಬಾಚಿದ ಹಾಗೇ ನಿಂತಿತ್ತು, ಇಂಥ ಲೋಕೋಪಯೋಗಿ ವಿಷಯಗಳು. ನನ್ನ ಗಂಡ ಸದಾನಂದರು ಇದನ್ನು ಬ್ಲಾಗ್ ಎಂದು ಒಪ್ಪುವುದಿಲ್ಲ. "ಬಾವಿಕಟ್ಟೆಗೆ ಇಂಟರ್ನೆಟ್ ಹಾಕಿಸಿದ ಹಾಗಾಯಿತು" ಅನ್ನುತ್ತಾರೆ. ನಾನದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ.

ಹೀಗಿರುವಾಗ ಬಂಟ್ವಾಳದಲ್ಲಿ ಒಂದು ಮದುವೆ. ಊಟದ ಹಾಲಿನಲ್ಲಿ ನನ್ನ ಎದುರಿನ ಸಾಲಿಗೆ ಬಂದು ಕೂತವರು ಸಾಕ್ಷಾತ್ ಕೊಡಲಿ ಕರುಣಾಕರ! ತುಳು ಸಿನಿಮಾದ ಖಳನಾಯಕರು. ಕರುಣಾಕರ ಎಂಬ ಹೆಸರು ಹೆತ್ತವರು ಇಟ್ಟದ್ದು, ಕೊಡಲಿ ಸಿನಿಮಾದವರು ಕೊಟ್ಟದ್ದು. ಬಾಗಿಲಿಗೆ ತಲೆ ತಾಗುವ ಎತ್ತರ, ತೆಂಗಿನ ಗರಿಯಂಥ ಮೀಸೆ, ಕೆಂಪು ಕಣ್ಣು. ಅವರು ಉಪ್ಪಿನಕಾಯಿ ಕೇಳಿದರೂ ಯಾರನ್ನೋ ಕೊಲ್ಲಲು ಹೇಳಿದ ಹಾಗೆ ಕೇಳಿಸುತ್ತದೆ. ಪಾಯಸ ಬಡಿಸುವ ಹೊತ್ತಿಗೆ ಮೇಜಿನ ಅಡಿಯಿಂದ ಒಂದು ಬಡಕಲು ಬೆಕ್ಕು ಬಂದು ಅವರ ಕಾಲಿಗೆ ಮೈ ಉಜ್ಜಿತು. "ಅಯ್ಯಯ್ಯೋ ಅಪ್ಪೇ!" ಎಂದು ತುಳುವಿನಲ್ಲಿ ತಾಯಿಯನ್ನು ಕೂಗುತ್ತಾ ಅವರು ಕುರ್ಚಿಯ ಮೇಲೆ ಹತ್ತಿ ನಿಂತರು. ಬಡಿಸುವವನು ಸೌಟು ಬೀಸಿ ಬೆಕ್ಕನ್ನು ಹೊರಗೆ ಓಡಿಸುವ ತನಕ ಇಳಿಯಲಿಲ್ಲ. ಇಂಥದ್ದನ್ನು ಕಣ್ಣಾರೆ ಕಂಡೂ ಬರೆಯದಿದ್ದರೆ ನನಗೆ ಪಾಯಸ ಅರಗುತ್ತಿರಲಿಲ್ಲ. ಮರುದಿನವೇ "ಬೆಕ್ಕು ಬಂತು, ಕೊಡಲಿ ಕುರ್ಚಿ ಹತ್ತಿತು" ಎಂದು ತಲೆಬರಹ ಕೊಟ್ಟು ಹಾಕಿದೆ. ಅದು ಕಕ್ಕಿಂಜೆಯಿಂದ ಕುವೈತಿನ ತನಕ ಹೋಯಿತು.

ಸ್ವಲ್ಪ ದಿನದಲ್ಲಿ ಅಂಚೆಯಲ್ಲಿ ವಕೀಲರ ನೋಟೀಸು ಬಂತು. "ನಮ್ಮ ಕಕ್ಷಿದಾರರು ಬಹುಕಾಲದ ಪರಿಶ್ರಮದಿಂದ ಸಂಪಾದಿಸಿದ ಕ್ರೂರಿ ಎಂಬ ಕೀರ್ತಿಗೆ ತಾವು ಧಕ್ಕೆ ತಂದಿದ್ದೀರಿ. ತತ್ಪರಿಣಾಮವಾಗಿ ನಿರ್ಮಾಪಕರು ಅವರನ್ನು ಖಳನ ಪಾತ್ರದಿಂದ ಕೈಬಿಟ್ಟು, ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಅಳುವ ತಂದೆಯ ಪಾತ್ರ ಕೊಡಲು ಮುಂದಾಗಿದ್ದಾರೆ." ಕೂಡಲೇ ತಿದ್ದುಪಡಿ ಹಾಕದಿದ್ದರೆ ಮಾನನಷ್ಟ ಮೊಕದ್ದಮೆಯಂತೆ. ನೋಟೀಸಿನಲ್ಲಿ ಜೈಲು ಎಂಬ ಶಬ್ದ ಎಲ್ಲಿಯೂ ಇರಲಿಲ್ಲ. ಆದರೂ ನನಗೆ ಸಾಲುಸಾಲಿಗೂ ಅದೇ ಕಾಣಿಸಿತು. ಅಂದು ಒಬ್ಬ ಗಿರಾಕಿಗೆ ಎಡಗೈಗೊಂದು, ಬಲಗೈಗೊಂದು ಅಳತೆಯ ಬಳೆ ಕೊಟ್ಟು ಕಳಿಸಿದೆ.

ಸದಾನಂದರ ಸಹಪಾಠಿ ಜಿನದತ್ತರು ಬೆಳ್ತಂಗಡಿಯಲ್ಲಿ ವಕೀಲರು. ಗಂಡ ಹೆಂಡತಿ ಬಸ್ಸು ಹತ್ತಿ ಅವರ ಆಫೀಸಿಗೆ ಹೋದೆವು.

"ನಾನು ಬರೆದದ್ದು ಒಂದೊಂದು ಅಕ್ಷರವೂ ಸತ್ಯ" ಎಂದೆ ನಾನು.

"ಬರೀ ಸತ್ಯ ಸಾಲುವುದಿಲ್ಲ ಮಾರಾಯ್ರೆ" ಎಂದರು ಜಿನದತ್ತರು, ಕನ್ನಡಕ ಒರೆಸುತ್ತಾ. "ಅದಕ್ಕೆ ಸಾಕ್ಷಿ ಬೇಕು. ಮತ್ತೆ, ಆ ಸತ್ಯ ಹೇಳಿದ್ದರಿಂದ ಸಾರ್ವಜನಿಕರಿಗೆ ಒಳಿತಾಗಿರಬೇಕು. ಕರುಣಾಕರರು ಬೆಕ್ಕಿಗೆ ಹೆದರುತ್ತಾರೆ ಎಂದು ಗೊತ್ತಾಗಿ ಯಾರಿಗೆ ಒಳಿತಾಯಿತು?"

"ಬೆಕ್ಕುಗಳಿಗೆ" ಎಂದರು ಸದಾನಂದರು.

ಜಿನದತ್ತರು ನಗಲಿಲ್ಲ. "ಇದನ್ನು ಕೋರ್ಟಿನ ತನಕ ಕೊಂಡೊಯ್ಯುವುದು ಬೇಡ. ಅವರನ್ನು ಇಲ್ಲಿಗೇ ಕರೆಸಿ ರಾಜಿ ಮಾಡುವ" ಎಂದರು.

ಮುಂದಿನ ವಾರ ಕರುಣಾಕರರು ಬಂದರು. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು, "ಇಲ್ಲಿ ಬೆಕ್ಕು ಉಂಟಾ?" ಎಂದು ಕೇಳಿ, ಇಲ್ಲ ಎಂದ ಮೇಲೆಯೇ ಒಳಗೆ ಕಾಲಿಟ್ಟರು. ನಾನು ಜಗಳಕ್ಕೆ ಸೆರಗು ಕಟ್ಟಿ ಕೂತಿದ್ದೆ. ಅವರು ಕೈಮುಗಿದರು.

"ಅಕ್ಕ, ನೀವು ಸುಳ್ಳು ಬರೆದಿದ್ದೀರಿ ಎಂದು ನಾನು ಹೇಳುವುದಿಲ್ಲ. ಆದರೆ ನನಗೆ ಅಳಲಿಕ್ಕೆ ಬರುವುದಿಲ್ಲ. ಮೊನ್ನೆ ತಂದೆಯ ಪಾತ್ರಕ್ಕೆ ಅತ್ತು ತೋರಿಸಿದೆ. ಮಗಳ ಪಾತ್ರದ ಹುಡುಗಿ ಹೆದರಿ ವ್ಯಾನಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಈ ಮುಖಕ್ಕೆ ಬೇರೆ ಕೆಲಸ ಯಾರು ಕೊಡುತ್ತಾರೆ, ಹೇಳಿ?"

ಅಷ್ಟು ದೊಡ್ಡ ದೇಹ ಅಷ್ಟು ಸಣ್ಣ ದನಿಯಲ್ಲಿ ಕೇಳಿದಾಗ ಜಗಳಕ್ಕೆ ಕಟ್ಟಿದ್ದ ಸೆರಗನ್ನು ನಾನೇ ಬಿಚ್ಚಿದೆ. "ಆಯಿತು, ನೀವು ಮಹಾ ಕ್ರೂರಿ ಎಂದು ಬರೆಯುತ್ತೇನೆ. ಒಂದು ಉದಾಹರಣೆ ಕೊಡಿ" ಎಂದೆ.

ಅವರು ಯೋಚಿಸಿದರು. ಮೇಲೆ ಫ್ಯಾನು ನೋಡಿದರು, ಕೆಳಗೆ ನೆಲ ನೋಡಿದರು.

"ಯಾರಿಗಾದರೂ ಹೊಡೆದದ್ದುಂಟಾ?"

"ಇಲ್ಲ ಅಕ್ಕ."

"ಬೈದದ್ದು?"

"ಒಮ್ಮೆ ವೇಣೂರಿನ ಬಸ್ಸಿನಲ್ಲಿ ಕಂಡಕ್ಟರಿಗೆ ಬೈದಿದ್ದೆ." ನಾನು ಆಸೆಯಿಂದ ಮೊಬೈಲು ತೆಗೆದೆ. "ಮತ್ತೆ ಮನಸ್ಸು ತಡೆಯಲಿಲ್ಲ. ಇಳಿಯುವಾಗ ಸಾರಿ ಹೇಳಿದೆ."

"ಹೋಗಲಿ, ಒಂದು ಕೋಳಿಯನ್ನಾದರೂ ಕೊಯ್ದಿದ್ದೀರಾ?"

"ನನಗೆ ಅದನ್ನು ನೋಡಲಿಕ್ಕೇ ಆಗುವುದಿಲ್ಲ. ಸಾರು ಆದ ಮೇಲೆ ಮನೆಯವರು ಕರೆಯುತ್ತಾರೆ."

ಜೈನರಾದ ಜಿನದತ್ತರು ಮೊದಲನೆಯ ಮಾತಿಗೆ ಮೆಚ್ಚಿ ತಲೆಯಾಡಿಸುತ್ತಿದ್ದವರು ಎರಡನೆಯದಕ್ಕೆ ನಿಲ್ಲಿಸಿದರು.

ಕೊನೆಗೆ ನಾಲ್ವರೂ ಸೇರಿ ತಿದ್ದುಪಡಿ ಬರೆದೆವು. "ಮದುವೆಯ ಹಾಲಿನಲ್ಲಿ ಶ್ರೀ ಕರುಣಾಕರರು ಕುರ್ಚಿ ಹತ್ತಿದ್ದು ಭಯದಿಂದಲ್ಲ, ಮೇಲಿನಿಂದ ಬೆಕ್ಕಿನ ಮೇಲೆ ಹಾರಿ ಅದನ್ನು ಮುಗಿಸುವ ಉದ್ದೇಶದಿಂದ. ಅವರು 'ಅಪ್ಪೇ' ಎಂದದ್ದು ಬೆಕ್ಕಿನ ತಾಯಿಯನ್ನು ಉದ್ದೇಶಿಸಿ." ಕರುಣಾಕರರು ಅದನ್ನು ಮತ್ತೆ ಮತ್ತೆ ಓದಿ ಕಣ್ಣು ಒರೆಸಿಕೊಂಡರು. "ನನ್ನ ಬಗ್ಗೆ ಇಷ್ಟು ಕೆಟ್ಟದಾಗಿ ಯಾರೂ ಬರೆದಿರಲಿಲ್ಲ ಅಕ್ಕ!" ಬೆಕ್ಕಿನ ತಾಯಿಯಿಂದ ನೋಟೀಸು ಬರುವ ಸಂಭವ ಇಲ್ಲವೆಂದು ಜಿನದತ್ತರು ಅಭಿಪ್ರಾಯ ಕೊಟ್ಟರು. ಇನ್ನು ಈ ವಿಷಯವನ್ನು ಯಾವ ರೂಪದಲ್ಲಿಯೂ ಎತ್ತಬಾರದೆಂದು ನನ್ನಿಂದ ಸಹಿಯನ್ನೂ ಹಾಕಿಸಿಕೊಂಡರು.

ಸತ್ಯಕ್ಕೆ ಸಾಕ್ಷಿ ಕೇಳುವ ಜನ ಈ ಸುಳ್ಳನ್ನು ಹಾಗೆಯೇ ನಂಬಿದರು! ಪ್ರಾಣಿಪ್ರಿಯರು ಬ್ಲಾಗಿಗೆ ಬಂದು ಶಾಪ ಹಾಕಿದರು. ಕರುಣಾಕರರು ಫೋನು ಮಾಡಿ, "ಅಕ್ಕ, ಮಂಗಳೂರಿನಿಂದ ಯಾರೋ ಫೋನ್ ಮಾಡಿ ರಾಕ್ಷಸ ಎಂದು ಬೈದರು" ಎಂದು ಸಂತೋಷದಿಂದ ತೊದಲಿದರು. ಕೈತಪ್ಪಿದ್ದ ಖಳನ ಪಾತ್ರ ವಾಪಸು ಬಂತು. ಸಿನಿಮಾ ಮುಗಿದು ಮೂಡುಬಿದಿರೆಗೂ ಬಂದಾಗ ಅವರೇ ನಮಗೆಲ್ಲ ಟಿಕೆಟು ಕಳಿಸಿದರು. ಒಂದೇ ಸಾಲಿನಲ್ಲಿ ಕೂತೆವು: ಸದಾನಂದರು, ನಾನು, ಜಿನದತ್ತರು, ಆ ತುದಿಯಲ್ಲಿ ಕರುಣಾಕರರು.

ಕ್ಲೈಮ್ಯಾಕ್ಸು. ನಾಯಕಿ ಗೋಡೆಗೆ ಒತ್ತಿ ನಿಂತಿದ್ದಾಳೆ. ಪರದೆ ತುಂಬ ಕೊಡಲಿ, ಮೀಸೆ, ಕೆಂಪು ಕಣ್ಣು. ಥಿಯೇಟರಿನಲ್ಲಿ ಉಸಿರಾಟದ ಸದ್ದೂ ಇಲ್ಲ. ಎಲ್ಲರೂ ನಿಜವಾಗಿ ಹೆದರಿದ್ದಾರೆ, ನನ್ನ ತಿದ್ದುಪಡಿಯ ಪ್ರತಾಪ ಎಂದು ಹೆಮ್ಮೆಪಡುತ್ತಿದ್ದೆ. ಅಷ್ಟರಲ್ಲಿ, ದೇವರಾಣೆ, ನಾನು ತಡೆಯುವ ಮೊದಲೇ, ನನ್ನ ಗಂಟಲಿನಿಂದ "ಮ್ಯಾಂವ್" ಎಂದು ಬಂದುಬಿಟ್ಟಿತು.

ಥಿಯೇಟರು ಬಿದ್ದು ಬಿದ್ದು ನಕ್ಕಿತು. ಸಾಲಿನ ಆ ತುದಿಯಲ್ಲಿ ಕರುಣಾಕರರು ಎರಡೂ ಕಾಲು ಎತ್ತಿ ಸೀಟಿನ ಮೇಲೆ ಇಟ್ಟುಕೊಂಡದ್ದು ಆ ಕತ್ತಲಲ್ಲೂ ಕಾಣಿಸಿತು. ಜಿನದತ್ತರು ಪರದೆಯಿಂದ ಕಣ್ಣು ಕೀಳದೆ ಪಿಸುಗುಟ್ಟಿದರು: "ಬರೆದದ್ದು ಮಾತ್ರ ಅಲ್ಲ, ಬಾಯಿಂದ ಬಂದದ್ದೂ ಲೆಕ್ಕಕ್ಕೆ ಬರುತ್ತದೆ."

ನಾನೇನು ಮಾಡಲಿ? ಯಾರಪ್ಪ ಈ ಮರ್ಯಾದೆ ಇಲ್ಲದವರು ಎಂಬಂತೆ ಹಿಂದಕ್ಕೆ ತಿರುಗಿ, ಹಿಂದಿನ ಸಾಲಿನಲ್ಲಿದ್ದ ಕನ್ನಡಕದ ಒಬ್ಬ ಸಭ್ಯ ಗೃಹಸ್ಥರನ್ನು ದುರುಗುಟ್ಟಿ ನೋಡಿದೆ. ಪಾಪ, ಅವರ ಹೆಂಡತಿ ಅವರ ಪಕ್ಕೆಗೆ ತಿವಿದು, "ಇಷ್ಟು ವಯಸ್ಸಾದ ಮೇಲೆ ನಿಮಗೆ ಇದೆಲ್ಲ ಬೇಕಾ?" ಎಂದರು.