ಹೊಲಿಗೆ ಯಂತ್ರದ ಜೊತೆಗೆ ಬಂದ ಪರಿಶೀಲಕರು

ಕೊಂಡ ವಸ್ತು ಕೆಟ್ಟಿದೆ ಎಂದು ಗ್ರಾಹಕರು ಹೇಳಿದ ಮಾತ್ರಕ್ಕೆ ಅದು ಕೆಟ್ಟಂತಲ್ಲ. ಕಂಪನಿಯ ಪರಿಶೀಲಕರ ಕಣ್ಣೆದುರು ಕೆಟ್ಟರೆ ಮಾತ್ರ ಕೆಟ್ಟಂತೆ. ಗ್ಯಾರಂಟಿಯ ಈ ನಿಯಮ ಇರುವುದು ಗ್ರಾಹಕರ ಹಿತಕ್ಕೇ. ತಮ್ಮ ಹಿತ ಯಾವುದೆಂದು ಗ್ರಾಹಕರಿಗೆ ಗೊತ್ತಾಗುವುದಿಲ್ಲ, ಪಾಪ.

ನಮ್ಮ ಬೀದಿಯ ದರ್ಜಿಯಮ್ಮ ಹೊಸ ಹೊಲಿಗೆ ಯಂತ್ರ ಕೊಂಡರು. ಶಾಲೆ ತೆರೆಯುವುದರೊಳಗೆ ಮಕ್ಕಳ ಸಮವಸ್ತ್ರ ಹೊಲಿದು ಕೊಡಬೇಕಿತ್ತು. ತಪ್ಪಿದರೆ ಆ ಕೆಲಸ ಬೇರೆಯವರ ಪಾಲು, ಇವರ ಅಂಗಡಿಗೆ ಬೀಗ. ಯಂತ್ರ ಒಂದೆರಡು ಅಂಗಿ ಹೊಲಿದು ಮುಷ್ಕರ ಹೂಡಿತು.

ಪರಿಶೀಲಕರು ಬಂದು ಸ್ಟೂಲಿನ ಮೇಲೆ ಕುಳಿತು ಯಂತ್ರವನ್ನು ದಿಟ್ಟಿಸಿದರು. ಅದು ಸಲೀಸಾಗಿ ಓಡಿತು.

"ಚೆನ್ನಾಗೇ ಇದೆಯಲ್ಲಮ್ಮ."

"ನೀವು ನೋಡ್ತಾ ಇದ್ದೀರಲ್ಲ, ಅದಕ್ಕೆ."

ಅವರು ಬೆನ್ನು ತಿರುಗಿಸಿದರು, ಯಂತ್ರ ನಿಂತಿತು. ತಿರುಗಿ ನೋಡಿದರು, ಓಡಿತು. ಬೆನ್ನ ಹಿಂದೆ ನಡೆದದ್ದನ್ನು ನಿಯಮ ಒಪ್ಪುವುದಿಲ್ಲ.

"ಹಾಗಾದ್ರೆ ಕೆಡೋವರೆಗೂ ಇಲ್ಲೇ ಕೂತಿರಿ," ಎಂದರು ದರ್ಜಿಯಮ್ಮ. ಕಂಪನಿಯಿಂದ ಆದೇಶವೂ ಬಂತು: "ದೋಷ ಕಾಣುವವರೆಗೆ ಪರಿಶೀಲಕರು ಯಂತ್ರದ ಜೊತೆಗೇ ಇರತಕ್ಕದ್ದು."

ಇದ್ದರು. ಸುಮ್ಮನೆ ಕೂರಲಾರದೆ ಅಂಗಿಗಳಿಗೆ ಗುಂಡಿ ಹಾಕತೊಡಗಿದರು. ದರ್ಜಿಯಮ್ಮನ ಅತ್ತೆ ಅವರಿಗೆ ಟೀ ಕೊಡುತ್ತಾ ಕೇಳಿದರು: "ನಿಮ್ಮಂಥೋರು ಇನ್ನೊಬ್ರಿದ್ರೆ ಕಳಿಸಿಕೊಡಿ. ನನ್ನ ಮಗನೂ ಯಾರಾದ್ರೂ ನೋಡ್ತಾ ಇದ್ರೆ ಮಾತ್ರ ಕೆಲಸ ಮಾಡೋದು."

"ಗ್ಯಾರಂಟಿ ಅವಧಿ ಇದೆಯಾ?"

"ಮದುವೆಯಾದ ದಿನಾನೇ ಮುಗೀತು."

"ಹಾಗಿದ್ರೆ ಕಷ್ಟ," ಎಂದು ಪರಿಶೀಲಕರು ನಿಜಕ್ಕೂ ಮರುಗಿದರು.

ಸಮವಸ್ತ್ರಗಳು ಹೊತ್ತಿಗೆ ಸರಿಯಾಗಿ ಶಾಲೆ ಸೇರಿದವು. ಶಾಲೆಯವರು ಮುಂದಿನ ವರ್ಷದ ಕೆಲಸವನ್ನೂ ಒಪ್ಪಿಸಿದರು. ಅಷ್ಟರಲ್ಲಿ ಗ್ಯಾರಂಟಿ ಮುಗಿದು, ಪರಿಶೀಲಕರನ್ನು ಕರೆದೊಯ್ಯಲು ಕಂಪನಿಯ ವ್ಯವಸ್ಥಾಪಕರು ಖುದ್ದಾಗಿ ಬಂದರು. ಇವರು ಹೋದರೆ ಯಂತ್ರವೂ ಹೋಯಿತು, ಹೊಟ್ಟೆಪಾಡೂ ಹೋಯಿತು. ದರ್ಜಿಯಮ್ಮ ಒಳಗೆ ಓಡಿ ರಸೀದಿ ತಂದು ವ್ಯವಸ್ಥಾಪಕರ ಮುಖಕ್ಕೆ ಹಿಡಿದರು. ಅದರ ಅಡಿಯಲ್ಲಿ ಕಂಪನಿಯೇ ಅಚ್ಚು ಹಾಕಿಸಿತ್ತು: ಒಮ್ಮೆ ಮಾರಿದ ಸಾಮಾನನ್ನು ಯಾವ ಕಾರಣಕ್ಕೂ ಹಿಂದಕ್ಕೆ ಪಡೆಯಲಾಗುವುದಿಲ್ಲ.

"ಇವರು ಸಾಮಾನಲ್ಲ ಕಣಮ್ಮ, ಮನುಷ್ಯ."

"ಇವರಿಲ್ಲದೆ ಯಂತ್ರ ಓಡಲ್ಲ. ಅಂದ್ಮೇಲೆ ಬಿಡಿಭಾಗ ತಾನೇ?"

ವ್ಯವಸ್ಥಾಪಕರು ರಸೀದಿ ಓದಿ, ತಲೆ ಕೆರೆದುಕೊಂಡು, ಪರಿಶೀಲಕರ ಕೈಗೆ ಕೊಟ್ಟರು. ಅವರೂ ಕನ್ನಡಕ ಏರಿಸಿ ಓದಿದರು.

"ನಿಯಮ ಸರಿಯಾಗಿದೆ ಸರ್," ಎಂದು ಹೇಳಿ, ಸೂಜಿಗೆ ದಾರ ಪೋಣಿಸಿದರು.

ಅಷ್ಟು ದೂರದಿಂದ ಬಂದದ್ದಕ್ಕೆ ವ್ಯವಸ್ಥಾಪಕರು ಒಂದು ಅಂಗಿಗೆ ಅಳತೆ ಕೊಟ್ಟು ಹೋದರು.