ಟ್ರ್ಯಾಕ್ಟರ್ ಟ್ಯೂಬಿಗೆ ಮಂಗಳಾರತಿ

ನಮ್ಮ ಸೋದರಮಾವನನ್ನು ಮದುವೆ ಮನೆಯ ಪಂಕ್ತಿಯಲ್ಲಿ ಕೂರಿಸಬಾರದು. ಕೂರಿಸಿದರೆ ಅಡುಗೆಯವರು ಜಗಳಕ್ಕೆ ಬರುತ್ತಾರೆ. ಮಾವ ಊಟದಲ್ಲಿ ತಪ್ಪು ಹುಡುಕುವವರಲ್ಲ, ಎಲೆಗೆ ಬಿದ್ದದ್ದನ್ನೆಲ್ಲ ತಿನ್ನುತ್ತಾರೆ. ಆದರೆ ತಿನ್ನುವ ಮೊದಲು ಸಾರಿನಿಂದ ಒಂದು ಮೊಳ ದೂರದಲ್ಲಿ ಮುಖವಿಟ್ಟು, ಅಂಗೈಯಿಂದ ಅದರ ಆವಿಯನ್ನು ಮೂಗಿನ ಕಡೆಗೆ ಮೆಲ್ಲಗೆ ಬೀಸಿಕೊಳ್ಳುತ್ತಾರೆ. ಹಾಸನದ ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಅಟೆಂಡರ್ ಆಗಿದ್ದವರು. ಯಾವುದನ್ನೂ ನೇರವಾಗಿ ಮೂಸಬಾರದು ಎಂಬುದು ಅಲ್ಲಿಯ ನಿಯಮ. ಸಾರಿಗೂ ಆಮ್ಲಕ್ಕೂ ಭೇದ ಮಾಡುವಷ್ಟು ಸಣ್ಣ ಮನಸ್ಸು ಮಾವನದಲ್ಲ.

ನನ್ನ ಅಕ್ಕನಿಗೆ ಗಂಡು ನೋಡಲು ಚನ್ನರಾಯಪಟ್ಟಣಕ್ಕೆ ಹೋಗಿದ್ದಾಗ, ಅಲ್ಲಿ ಕೊಟ್ಟ ಕಾಫಿಗೂ ಮಾವ ಹೀಗೇ ಬೀಸಿದರು. ಗಂಡಿನ ತಾಯಿ ಗಾಬರಿಯಾಗಿ, “ಯಾಕಣ್ಣ, ಹಾಲು ಒಡೆದದಾ?” ಎಂದು ಕೇಳಿದರು.

“ಇಲ್ಲ ಕಣಮ್ಮ, ಏನೂ ಅಪಾಯ ಇಲ್ಲ. ಎಲ್ರೂ ಕುಡೀಬೋದು” ಎಂದು ಮಾವ ಅಪ್ಪಣೆ ಕೊಟ್ಟರು.

ಆ ಸಂಬಂಧ ಕುದುರಲಿಲ್ಲ.

ಇಂಥವರು ನಿವೃತ್ತರಾದ ಮೇಲೆ ಸುಮ್ಮನೆ ಪೇಪರ್ ಓದಿಕೊಂಡು ಕೂರುತ್ತಾರೆಯೆ? ಅವರ ತಲೆಯಲ್ಲಿ ಒಂದು ಹುಳು ಬಹಳ ವರ್ಷಗಳಿಂದ ಓಡಾಡುತ್ತಿತ್ತು. ಲ್ಯಾಬಿನಲ್ಲಿ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದವರು, ಪಿಪೆಟ್ಟನ್ನು ಹಾವಿನ ಹಾಗೆ ಹಿಡಿಯುತ್ತಿದ್ದವರು ಯಾವಾಗಲೂ ಕಟ್ಟಾಯ, ಮಲ್ಲಿಪಟ್ಟಣ, ಕೊಣನೂರು ಕಡೆಯ ಮಕ್ಕಳೇ ಎಂದು ಅವರು ಕಂಡುಕೊಂಡಿದ್ದರು. “ಪ್ಯಾಟೆ ಮಕ್ಳು ಬ್ಯಾಸ್ಗೇಲಿ ರೋಬೋಟ್ ಮಾಡ್ತವೆ, ಇವು ಎಮ್ಮೆ ಮೈ ತೊಳಿತವೆ. ತಲೆ ಎರಡ್ರದೂ ಒಂದೇ ಕಣವ್ವ” ಎನ್ನುತ್ತಿದ್ದರು. ಹಾಗಾಗಿ ಒಂದು ತಿಂಗಳ ಬೇಸಿಗೆ ವಿಜ್ಞಾನ ಶಿಬಿರ, ಸರ್ಕಾರಿ ಶಾಲೆಯ ಮಕ್ಕಳಿಗೆ, ಪೂರ್ತಿ ಉಚಿತ, ಮಧ್ಯಾಹ್ನದ ಊಟವೂ ಉಂಟು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿರುವ ನಾನು ಸಹಾಯಕಿ. “ಇವಳು ಓದಿರೋಳು, ನಾನು ತೊಳ್ದಿರೋನು” ಎಂದೇ ನನ್ನನ್ನು ಎಲ್ಲರಿಗೂ ಪರಿಚಯಿಸುತ್ತಿದ್ದರು.

ಮೊದಲು ಮಲ್ಲಿಪಟ್ಟಣದಲ್ಲಿ ಪ್ರಚಾರ ಮಾಡಿದೆವು. ಒಬ್ಬರೂ ಹೆಸರು ಕೊಡಲಿಲ್ಲ. ಒಬ್ಬರು ಯಜಮಾನರು ಮಾವನನ್ನು ಮರದ ಕೆಳಗೆ ಕರೆದುಕೊಂಡು ಹೋಗಿ ಮೆತ್ತಗೆ ಕೇಳಿದರು.

“ಫ್ರೀ ಅಂತೀರಿ, ಊಟಾನೂ ಆಕ್ತೀನಿ ಅಂತೀರಿ. ನಿಜ ಏಳಿ ಸಾ, ಕೊನೇಗೆ ಏನ್ ಮಾರ್ತೀರಿ?”

“ಏನೂ ಮಾರಾಕಿಲ್ಲ.”

“ಅಂಗಾದ್ರೆ ಇನ್ನೂ ಡೇಂಜರ್ರು” ಎಂದು ಅವರು ಹೊರಟುಹೋದರು.

ಮುಂದಿನ ವಾರ ಮಾವ ಕೊಣನೂರು ಸಂತೆಗೆ ಲಗ್ಗೆ ಇಟ್ಟರು. ಆಲೂಗಡ್ಡೆ ಮಾರುವ ಜಯಮ್ಮನ ರಾಶಿಯಿಂದ ಆರು ಗಡ್ಡೆ ಎತ್ತಿಕೊಂಡು, ಒಂದೊಂದಕ್ಕೂ ತಾಮ್ರದ ತಂತಿ ಮತ್ತು ಸತುವಿನ ಮೊಳೆ ಚುಚ್ಚಿ, ಸಾಲಾಗಿ ಜೋಡಿಸಿ ಒಂದು ಪುಟ್ಟ ಕೆಂಪು ಎಲ್ಇಡಿ ಬಲ್ಬು ಹೊತ್ತಿಸಿದರು. ಹೊತ್ತಿದ್ದೇನೋ ನಿಜ, ಆದರೆ ಮಟಮಟ ಮಧ್ಯಾಹ್ನದಲ್ಲಿ ಅದು ಯಾರ ಕಣ್ಣಿಗೆ ಕಾಣಬೇಕು? ಮಾವ ಅದರ ಮೇಲೆ ಟವೆಲು ಮುಚ್ಚಿ, ಒಬ್ಬೊಬ್ಬರಾಗಿ ತಲೆ ತೂರಿಸಿ ನೋಡಿ ಎಂದರು. ಸ್ವಲ್ಪ ಹೊತ್ತಿನಲ್ಲೇ ಸಾಲು ಕೋಳಿ ಅಂಗಡಿಯವರೆಗೂ ಬೆಳೆಯಿತು. ಹಿಂದಿದ್ದವರಿಗೆ ಟವೆಲಿನೊಳಗೆ ಏನಿದೆ ಎಂದೇ ಗೊತ್ತಿಲ್ಲ. ಒಂದು ಅಜ್ಜಿ ತಲೆ ತೂರಿಸುವ ಮೊದಲು ಚಪ್ಪಲಿ ಬಿಟ್ಟಿತು.

“ನನ್ ಗಡ್ಡೆಗೆಲ್ಲಾ ಕರೆಂಟ್ ಬುಟ್ಬುಟ್ರಲ್ಲ ಸಾ, ಇನ್ ಅವುನ್ನ ಯಾರ್ ತಿಂದಾರು?” ಎಂದು ಜಯಮ್ಮ ಸೊಂಟಕ್ಕೆ ಕೈಯಿಟ್ಟಳು. ಮಾವ ಉತ್ತರ ಹೇಳುವ ಮೊದಲೇ ಅವಳ ಪಕ್ಕದಲ್ಲಿ ತಕ್ಕಡಿ ಹಿಡಿದಿದ್ದ ಮಗಳು ಬಾಯಿ ಹಾಕಿದಳು. “ಅವ್ವ, ಕರೆಂಟ್ ಬುಟ್ಟಿಲ್ಲ, ಗಡ್ಡೆಯಿಂದ ತಗುದವ್ರೆ. ಸಾ, ಬೇಯ್ಸಿದ ಗಡ್ಡೇಲಾದ್ರೆ ಎಂಗೆ?”

ಮಾವ ಆ ಹುಡುಗಿಯನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಮೂವತ್ತು ವರ್ಷದಲ್ಲಿ ಆ ಪ್ರಶ್ನೆ ತಮಗೇ ಹೊಳೆದಿರಲಿಲ್ಲ ಎಂದು ಆಮೇಲೆ ಬಸ್ಸಿನಲ್ಲಿ ಒಪ್ಪಿಕೊಂಡರು. ಮನೆಗೆ ಬಂದವರೇ ಗಡ್ಡೆ ಬೇಯಿಸಿ ನೋಡಿದರು. ಬಲ್ಬು ಇನ್ನೂ ಜೋರಾಗಿ ಹೊತ್ತಿತು. ಅತ್ತೆ ಪಲ್ಯಕ್ಕೆಂದು ಇಟ್ಟಿದ್ದ ಗಡ್ಡೆ ಅದು.

ಹುಡುಗಿಯ ಹೆಸರು ರಂಜಿತಾ, ಎಸ್ಸೆಸ್ಸೆಲ್ಸಿ ಪರೀಕ್ಷೆ ಆಗಷ್ಟೇ ಮುಗಿಸಿದ್ದಳು. ಹೊಳೆನರಸೀಪುರದ ಚಿಕ್ಕವ್ವನ ಮನೆಯಲ್ಲಿದ್ದುಕೊಂಡು ಪಿಯುಸಿ ಸೈನ್ಸ್ ಓದಬೇಕೆಂದು ಅವಳಿಗೆ ಆಸೆ. ಓದಿದ್ದು ಸಾಕು, ತಕ್ಕಡಿ ಹಿಡಿಯಲಿ ಎಂಬುದು ಜಯಮ್ಮನ ಲೆಕ್ಕ. ಮಾವ ಬಹಳ ಕೇಳಿಕೊಂಡ ಮೇಲೆ ಜಯಮ್ಮ ಒಂದು ಷರತ್ತು ಹಾಕಿದಳು. “ಒಂದ್ ತಿಂಗ್ಳು ಕಳಿಸ್ತೀನಿ. ಕೊನೇ ದಿನ ನಾನೇ ಬತ್ತೀನಿ. ಕಣ್ಗೆ ಕಾಣೋ ಅಂತದ್ದು ಏನಾರ ಮಾಡಿದ್ರೆ ಕಾಲೇಜು, ಇಲ್ದಿದ್ರೆ ಸಂತೆ. ಆಮ್ಯಾಕೆ ಯಾರೂ ಬಾಯಿ ಬುಡಂಗಿಲ್ಲ.”

ಕೊಣನೂರಿನ ಪಕ್ಕದ ಹಳ್ಳಿಯ ಸಮುದಾಯ ಭವನದಲ್ಲಿ ಹದಿನಾಲ್ಕು ಮಕ್ಕಳೊಂದಿಗೆ ಶಿಬಿರ ಶುರುವಾಯಿತು. ರಂಜಿತಾಳ ತಂಡ ಆರಿಸಿಕೊಂಡದ್ದು ಗೊಬ್ಬರದ ಗ್ಯಾಸು. ಹುಣಸೆಮರದ ಕೆಳಗೆ ಒಂದು ಡ್ರಮ್ಮು, ಅದರೊಳಗೆ ಸಗಣಿ, ಗ್ಯಾಸು ತುಂಬಿಕೊಳ್ಳಲು ಒಂದು ಹಳೆಯ ಟ್ರ್ಯಾಕ್ಟರ್ ಟ್ಯೂಬು. ಮೊದಲ ವಾರ ಟ್ಯೂಬು ಸತ್ತ ಹೆಬ್ಬಾವಿನಂತೆ ಬಿದ್ದುಕೊಂಡಿತ್ತು. ಮಾವ ದಿನಾ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, “ಎಂಗಿದ್ದೀಯಪ್ಪ?” ಎಂದು ವಿಚಾರಿಸುತ್ತಿದ್ದರು. ಮೂರನೆಯ ವಾರ ಅದು ಉಬ್ಬಿತು. ರಂಜಿತಾ ಬೆಳಿಗ್ಗೆ ಬೆಳಿಗ್ಗೆ ಸ್ಕೇಲು ಹಿಡಿದು ಅದರ ಎತ್ತರ ಬರೆದುಕೊಳ್ಳುತ್ತಿದ್ದಳು.

ಕೊನೆಯ ದಿನ ಅದರಿಂದ ಒಲೆ ಹೊತ್ತಿಸಿ ಟೀ ಕಾಯಿಸಬೇಕು, ಅದೂ ಹೊರಗೆ, ಮರದ ಕೆಳಗೆ. ಮಾವ ನೂರು ಸಲ ಹೇಳಿದ್ದರು: ಒಳಗೆ ಬೇಡ, ಬೆಂಕಿಪೆಟ್ಟಿಗೆ ತಮ್ಮ ಜೇಬಿನಲ್ಲೇ ಇರಬೇಕು.

ಆದರೆ ನಮ್ಮ ಕಡೆ ಹೊಸ ಸಾಮಾನಿಗೆ ಪೂಜೆ ಮಾಡದೆ ಯಾರು ಶುರು ಮಾಡುತ್ತಾರೆ? ಟ್ರ್ಯಾಕ್ಟರು ಬಂದರೂ ಪೂಜೆ, ಮಿಕ್ಸಿ ಬಂದರೂ ಪೂಜೆ. ಜಯಮ್ಮ ಬರುವಾಗಲೇ ಸೇವಂತಿಗೆ ಹಾರ, ಕುಂಕುಮ, ಕರ್ಪೂರ, ಹಿತ್ತಾಳೆ ತಟ್ಟೆ, ತನ್ನದೇ ಬೆಂಕಿಪೆಟ್ಟಿಗೆ ಎಲ್ಲ ತಂದಿದ್ದಳು. ಹೊರಗೆ ಗಾಳಿ ಜೋರಾಗಿತ್ತು. ಎರಡು ಸಲ ಕರ್ಪೂರ ಆರಿತು. ಆರತಿ ಆರುವುದು ಒಳ್ಳೆಯದಲ್ಲವಲ್ಲ! ಕೊನೆಯ ದಿನವೆಂದು ಬಂದಿದ್ದ ಮಕ್ಕಳ ತಾಯಂದಿರೆಲ್ಲ ಸೇರಿ ಡ್ರಮ್ಮಿನಿಂದ ಟ್ಯೂಬು ಬಿಡಿಸಿ, ಮದುಮಗಳನ್ನು ಕರೆತರುವ ಹಾಗೆ ಒಳಗೆ ತಂದು ಮೇಜಿನ ಮೇಲೆ ಕೂರಿಸಿದರು. ಗಾಳಿ ಬರದಿರಲಿ ಎಂದು ಕಿಟಕಿಗಳನ್ನು ಮುಚ್ಚಿದರು. ಕೊನೆಯ ಕಿಟಕಿಯನ್ನು ಮುಚ್ಚಿದವರು ನಮ್ಮ ಮಾವ.

ಹೌದು, ಅವರೇ. ಅಷ್ಟು ವರ್ಷ ಲ್ಯಾಬಿನಲ್ಲಿ ಅವರ ಕೆಲಸಕ್ಕೆ ಯಾರೂ ಒಂದು ಹೂವು ಇಟ್ಟಿರಲಿಲ್ಲ. ಆವತ್ತು ಮಾವ ಕಣ್ಣು ಮುಚ್ಚಿ, ಕೈಮುಗಿದು ನಿಂತಿದ್ದರು. ಎಂ.ಎಸ್ಸಿ. ಮಾಡಿದ ನಾನು ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದೆ.

ಆ ವಿಡಿಯೊ ಹನ್ನೊಂದು ಸೆಕೆಂಡಿನದು. ನಾನದನ್ನು ಇನ್ನೂ ಅಳಿಸಿಲ್ಲ. ಜಯಮ್ಮ ಟ್ಯೂಬಿನ ರಬ್ಬರ್ ಪೈಪಿಗೆ ಹಾರ ಹಾಕುತ್ತಾಳೆ. ಹಾರದ ಭಾರಕ್ಕೆ ಪೈಪಿನ ಕ್ಲಿಪ್ಪು ಜಾರುತ್ತದೆ. ಸುಸ್ ಎಂದು ಶಬ್ದ. ಹಾರ ಬಲಕ್ಕೆ ಬೀಳುತ್ತದೆ. “ಬಲಕ್ಕೆ ಹೂ ಕೊಡ್ತು!” ಎಂದು ಯಾರೋ ಸಂತೋಷಪಡುತ್ತಾರೆ. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಾ ಒಂದು ಸುತ್ತು ಬರುತ್ತದೆ. “ಅವ್ವ, ತಟ್ಟೆ ಇಳ್ಸು! ಇಂದಕ್ಕೋಗು!” ಎನ್ನುವ ದನಿ ರಂಜಿತಾಳದು. ಆಮೇಲೆ ಬುಗ್ ಎನ್ನುತ್ತದೆ. ಅಲ್ಲಿಂದ ಮುಂದೆ ವಿಡಿಯೊದಲ್ಲಿ ಬರೀ ನನ್ನ ಚಪ್ಪಲಿ.

ಚಪ್ಪಲಿ ಕಾಣುತ್ತಿದ್ದಾಗ ನಡೆದದ್ದು ಇಷ್ಟು. ಕಣ್ಣು ತೆರೆದ ಮಾವ ಜಯಮ್ಮನಿಗೂ ಬೆಂಕಿಗೂ ನಡುವೆ ಮುಖವೊಡ್ಡಿ, ತಟ್ಟೆಯನ್ನು ಬರಿಗೈಯಲ್ಲಿ ಕಿತ್ತು ಎಸೆದರು. ಪೈಪಿನ ತುದಿಯಲ್ಲಿ ಇನ್ನೂ ಒಂದು ಗೇಣು ನೀಲಿ ಬೆಂಕಿ ಆಡುತ್ತಿತ್ತು. ನಾನು ಬಾಗಿಲಲ್ಲಿ ಕಂಬವಾಗಿದ್ದೆ. ರಂಜಿತಾ ಮಾತ್ರ ಮುಂದೆ ಹೋಗಿ, ಹೊಲದಲ್ಲಿ ನೀರು ನಿಲ್ಲಿಸಲು ಪೈಪು ಮಡಿಸುತ್ತಾರಲ್ಲ, ಹಾಗೆ ಅದನ್ನು ಬುಡದಲ್ಲಿ ಎರಡು ಮಡಿಕೆ ಮಾಡಿ ಅಮುಕಿ ಹಿಡಿದಳು. ಬೆಂಕಿ ಆರಿತು. “ಅಕ್ಕ, ಕಿಟಕಿ” ಎಂದಳು. ಆಗ ನನಗೆ ಕಾಲು ಬಂತು.

ಮಕ್ಕಳಿಗೆ ಏನೂ ಆಗಲಿಲ್ಲ. ಮಾವನ ಎರಡು ಹುಬ್ಬು, ಅರ್ಧ ಮೀಸೆ ಹೋದವು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಜಯಮ್ಮ ಮಗಳ ರಟ್ಟೆ ಹಿಡಿದುಕೊಂಡು ಮಾವನ ಎದುರಿಗೆ ನಿಂತಳು.

“ನಾನು ಓದ್ದೋಳಲ್ಲ ಸಾ. ನಿಮಗೇನಾಗಿತ್ತು?”

ಮಾವ ತಾವೇ ಎಸೆದಿದ್ದ ತಟ್ಟೆಯನ್ನು ಎತ್ತಿ ಅವಳ ಕೈಗಿಟ್ಟರು. ತಾಯಿ ಮಗಳು ಬಸ್ಸು ಹತ್ತಿ ಹೋದರು.

ಆಮೇಲೆ ಮೂರು ವಾರ ಮಾವ ಬದುಕಿದ್ದಾರೆಂದು ಗೊತ್ತಾಗುತ್ತಿದ್ದುದು ಅವರ ಕೆಮ್ಮಿನಿಂದ. ಒಂದು ಸಂತೆಯ ದಿನ ಕೊಣನೂರಿಗೆ ಹೋಗಿ, ದೂರದಿಂದಲೇ ನೋಡಿ ಬಂದರು. “ತಕ್ಕಡಿ ಹಿಡ್ದವ್ಳೆ” ಎಂದರು, ಅಷ್ಟೆ. ಇನ್ನು ಮುಂದೆ ಶಿಬಿರವಿಲ್ಲ ಎಂದು ಬಲ್ಬು, ತಂತಿಗಳನ್ನೆಲ್ಲ ಗೋಣಿಚೀಲಕ್ಕೆ ಹಾಕಿ ಕಟ್ಟಿದರು.

ಕಾಲೇಜಿಗೆ ಅರ್ಜಿ ಹಾಕಲು ಎರಡು ದಿನ ಉಳಿದಿತ್ತು. ಜಯಮ್ಮ ಮಾವನ ಮನೆಯ ಜಗುಲಿಗೆ ಬಂದು ಕೂತಳು. ನಾನೂ ಅಲ್ಲೇ ಇದ್ದೆ.

“ಸಾ, ನಿಮ್ ಸಿಸ್ಯೆ ಕಾಟ ತಡೆಯಕಾಯ್ತಿಲ್ಲ. ಗ್ಯಾಸ್ ನೋಡ್ದೆ ದೀಪ ಅಚ್ಚಂಗಿಲ್ಲ, ಕಿಟಕಿ ತೆಗೀದೆ ಊದಿನಕಡ್ಡಿ ಅಚ್ಚಂಗಿಲ್ಲ. ಸಂತೇಲಿ ಗಿರಾಕಿ ಗಡ್ಡೆ ಕೇಳಿದ್ರೆ ಸಿಲಿಂಡ್ರು ಪಾಠ ಏಳ್ತಾಳೆ. ಯಾಪಾರ ಕೆಡ್ತು, ಪೂಜೇನೂ ಕೆಡ್ತು. ಕರ್ಕಂಡೋಗಿ ಕಾಲೇಜ್ಗೆ ಸೇರಿಸ್ಬುಡಿ.”

ಮಾವ ಮೇಲೆ ನೋಡಲಿಲ್ಲ. “ಅವತ್ತು ನಂದೇ ತಪ್ಪು ಕಣವ್ವ” ಎಂದರು.

“ಊಂ, ನಿಮ್ದೇ” ಎಂದಳು ಜಯಮ್ಮ. “ಅದ್ಕೇ ಅರ್ಜಿ ನೀವೇ ತುಂಬ್ಸಿ.”

ಅರ್ಜಿ ತುಂಬಿಸಿದರು. ಸೀಟು ಸಿಕ್ಕಿತು. ಮೊದಲ ಪ್ರಾಕ್ಟಿಕಲ್ ಇರುವ ದಿನ ಮಾವ ನನ್ನನ್ನೂ ಹೊರಡಿಸಿಕೊಂಡು ಹೊಳೆನರಸೀಪುರಕ್ಕೆ ಬಂದರು. ರಂಜಿತಾಳಿಗೆಂದು ಹೊಲಿಸಿದ್ದ ಲ್ಯಾಬ್ ಕೋಟು ಕಂಕುಳಲ್ಲಿತ್ತು. ಗೇಟಿನ ಹತ್ತಿರ ಅದನ್ನು ನನ್ನ ಕೈಗೆ ಕೊಟ್ಟರು.

“ನೀನೇ ಕೊಟ್ಬಾ. ಹುಬ್ಬು ಇನ್ನೂ ಸರ್ಯಾಗಿ ಬಂದಿಲ್ಲ. ನನ್ ಮೊಕ ನೋಡಿದ್ರೆ ಮಗೂಗೆ ಅವತ್ತಿಂದೇ ಗ್ಯಾಪ್ಕ ಬತ್ತದೆ.”

ನಾನು ಕೋಟು ಕೊಟ್ಟು ಹಿಂತಿರುಗಿದಾಗ ಅವರು ಕಾಂಪೌಂಡಿನ ಆಚೆ, ಟವೆಲನ್ನು ಹಣೆಯ ಮೇಲೆ ಇಳಿಬಿಟ್ಟುಕೊಂಡು ನಿಂತಿದ್ದರು.

“ಒಳೀಕೋದ್ಲಾ?”

“ಹೋದಳು ಮಾವ.”

“ಎದ್ರಿಕಂಡಿದ್ಲಾ?”

“ಇಲ್ಲ. ನಿಮ್ಮನ್ನ ಕೇಳಿದಳು.”

ಮಾವ ಲ್ಯಾಬಿನ ಕಡೆಗೆ ಕತ್ತು ಚಾಚಿ, ಕಣ್ಣು ಒರೆಸಿಕೊಂಡು, “ನಂಗೆ ಇಲ್ಲಿಂದ ಸರ್ಯಾಗಿ ಕಾಣ್ತಿಲ್ಲ. ಕಿಟಕಿ ಎಲ್ಲಾ ತೆಗ್ದವ್ರಾ ನೋಡವ್ವ” ಎಂದರು.

ನಾಲ್ಕು ಕಿಟಕಿಗಳಿದ್ದವು. ಒಂದೊಂದನ್ನೇ ಬೆರಳಿಟ್ಟು ತೋರಿಸಿ ಎಣಿಸಿದೆ. ನಾಲ್ಕೂ ತೆರೆದಿದ್ದವು.