ಆಯಿಲ್ ಬೇಡದ ಗಾಡಿಗಳ ಕಾಟ

ಹೆದರುವವನ ಬಾಗಿಲಿಗೇ ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆಯೋ ಏನೋ, ಈಚೆಗೆ ನನಗೆ ವಾರಕ್ಕೊಂದು ತಪ್ಪಿದ್ದಲ್ಲ. ಹಿಂದೂಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ಬೈಕ್ ರಿಪೇರಿ ಮಾಡುತ್ತಿದ್ದೇನೆ, ಪೆಟ್ರೋಲ್ ಬೈಕು. ಎಲೆಕ್ಟ್ರಿಕ್ ಗಾಡಿಗೆ ಆಯಿಲ್ ಬೇಡ, ಪ್ಲಗ್ ಬೇಡ, ಕ್ಲಚ್ ಪ್ಲೇಟ್ ಬೇಡ. ಅಂದರೆ ನಾನೂ ಬೇಡ. ರಸ್ತೆಯಲ್ಲಿ ಸದ್ದಿಲ್ಲದೆ ಒಂದು ಗಾಡಿ ಹೋದರೆ ಸಾಕು, ಕೈಲಿದ್ದ ಸ್ಪ್ಯಾನರ್ ಬಿಟ್ಟು ಎದ್ದು ನಿಲ್ಲುತ್ತೇನೆ.

ವರ್ಷವಾದರೂ ಆಯಿಲಿಲ್ಲ

ಪರಿಗಿಯಿಂದ ಹಾಲು ತರುವವನೊಬ್ಬ ಎಲೆಕ್ಟ್ರಿಕ್ ಬೈಕ್ ತಂದು ನಿಲ್ಲಿಸಿದ. ಮುಖ ಬಾಡಿತ್ತು.

“ಅಣ್ಣಾ, ತಗೊಂಡು ವರ್ಷ ಆಯ್ತು, ಒಂದು ಹನಿ ಆಯಿಲ್ ಹಾಕ್ಸಿಲ್ಲ. ಒಳಗೆಲ್ಲ ಸವೆದು ಹೋಗೈತೇನೋ ಅಂತ ನಿದ್ದೆ ಬರಾಕಿಲ್ಲ. ಬ್ಯಾಟ್ರಿ ಹೋದ್ರೆ ಆ ದುಡ್ಡಿಗೆ ಹಳೇ ಪೆಟ್ರೋಲ್ ಬೈಕೇ ಒಂದು ಬತ್ತದಂತೆ. ಆಯಿಲ್ ಚೇಂಜ್ ಮಾಡ್ಬುಡು.”

ಆಯಿಲ್ ಬೇಡವೆಂದು ಕೇಳಿದ್ದೆನೇ ಹೊರತು, ಇಂಥ ಗಾಡಿ ಬಿಚ್ಚಿ ನೋಡಿದವನಲ್ಲ. ಗೊತ್ತಿಲ್ಲ ಎಂದರೆ ಗಿರಾಕಿ ಹೋದಾನು, ಮುಟ್ಟಿದರೆ ಕರೆಂಟ್ ಹೊಡೆದೀತು. ಹೆಂಡತಿ ಪಾತ್ರೆ ತಿಕ್ಕುವ ರಬ್ಬರ್ ಗ್ಲೌಸ್ ತರಿಸಿ ಹಾಕಿಕೊಂಡು, ಹಳೇ ಟೈರಿನ ಮೇಲೆ ನಿಂತು, ಆಯಿಲ್ ಹಾಕುವ ತೂತನ್ನು ಅರ್ಧ ಗಂಟೆ ಹುಡುಕಿದೆ. ಇದ್ದರೆ ತಾನೇ? ಕೊನೆಗೆ ಸೈಡ್ ಸ್ಟ್ಯಾಂಡಿಗೆ ನಾಲ್ಕು ಹನಿ ಬಿಟ್ಟು ಕಳಿಸಿದೆ.

ಮರುದಿನ ಹಲ್ಲು ಕಿರಿಯುತ್ತ ಬಂದ. “ಏನ್ ಕೈಗುಣ ಕಣಣ್ಣ ನಿಂದು! ಪಿಕಪ್ ಹೆಂಗ್ ಬಂದೈತೆ ಗೊತ್ತಾ?”

ಕಲ್ಯಾಣದುರ್ಗದ ಮೇಕೆ

ಕಲ್ಯಾಣದುರ್ಗ ನನ್ನ ಹೆಂಡತಿಯ ತವರು. ಅಲ್ಲಿ ನನ್ನ ಬಾಮೈದನೇ ಎಲೆಕ್ಟ್ರಿಕ್ ಬೈಕ್ ತಗೊಂಡ. ಮನೆಯೊಳಗೇ ಶತ್ರು ಹುಟ್ಟಿದ ಹಾಗಾಯಿತು. “ಬೆಳುಗುಪ್ಪಕ್ಕೆ ದಿನಾ ಹೋಗ್ಬತ್ತೀನಿ ಭಾವ, ಪೆಟ್ರೋಲ್ ದುಡ್ಡು ಪೂರಾ ಉಳೀತದೆ” ಎಂದು ಹೋದಾಗಲೆಲ್ಲ ಚುಚ್ಚುತ್ತಿದ್ದ.

ಆದರೆ ನಮ್ಮತ್ತೆ ನನಗಿಂತ ಪುಕ್ಕಲು. ಬ್ಯಾಟರಿ ಸಿಡಿಯುವ ವಿಡಿಯೋ ಯಾರೋ ಫೋನಿನಲ್ಲಿ ತೋರಿಸಿಬಿಟ್ಟಿದ್ದರು. “ಆ ಪೆಟ್ಟಿಗೆ ನನ್ನ ಮನೇಲಿ ಇರಂಗಿಲ್ಲ” ಎಂದು ಬ್ಯಾಟರಿ, ಚಾರ್ಜರ್ ಎರಡನ್ನೂ ಮೇಕೆ ಕೊಟ್ಟಿಗೆಗೆ ಸಾಗಿಸಿದರು. ಮೇಕೆ ಚಾರ್ಜರ್ ವೈರನ್ನು ಬುಡಸಮೇತ ಕಡಿದು ನುಂಗಿತು. ಆಗ ಪ್ಲಗ್ ತೆಗೆದಿತ್ತು, ಪುಣ್ಯ. ಹೊಸ ಚಾರ್ಜರಿಗೆ ಅವನ ಆರು ತಿಂಗಳ ಉಳಿತಾಯ ಹೋಯಿತು.

ಬಾಮೈದ ತಲೆ ಮೇಲೆ ಕೈ ಹೊತ್ತು ಕೂತ. ಅತ್ತೆ ಸಮಾಧಾನ ಹೇಳಿದರು: “ಪೋನೀಲೇ, ಬುಡಪ್ಪ. ಬಂಕಿನೋನ ಹೊಟ್ಟೆಗೆ ಹೋಯ್ತಿದ್ದಿದ್ದು ನಮ್ಮ ಮೇಕೆ ಹೊಟ್ಟೆಗೆ ಹೋಯ್ತು. ಮನೇಲೇ ಉಳೀತಲ್ಲ!”

ಮೇಷ್ಟ್ರ ಆಯುಧಪೂಜೆ

ಆಯುಧಪೂಜೆಗೆ ನನ್ನ ಗಿರಾಕಿಗಳೆಲ್ಲ ಗಾಡಿ ತೊಳೆದು ಅಂಗಡಿ ಮುಂದೆ ಸಾಲಾಗಿ ನಿಲ್ಲಿಸುತ್ತಾರೆ. ಹಿಂದೆಲ್ಲ ಇಪ್ಪತ್ತು, ಮೂವತ್ತು ಇರುತ್ತಿದ್ದವು. ಈ ಸಲ ಒಂಬತ್ತೇ. ಬರುವ ವರ್ಷಕ್ಕೆ ಬಾಗಿಲು ಹಾಕಬೇಕಾದೀತು ಎಂದುಕೊಳ್ಳುವಷ್ಟರಲ್ಲಿ, ನನ್ನ ಹಳೇ ಗಿರಾಕಿ, ಸ್ಕೂಲ್ ಮೇಷ್ಟ್ರು, ಎಲೆಕ್ಟ್ರಿಕ್ ಬೈಕಿನಲ್ಲಿ ಬಂದು ಸಾಲಿನ ತುದಿಗೆ, ಸಾಲಿನ ಕಡೆಗೇ ಮುಖ ಮಾಡಿ, ಅಡ್ಡವಾಗಿ ನಿಲ್ಲಿಸಿದರು.

“ನಿಂಗಿನ್ನು ಕೆಲಸ ಇಲ್ಲ ಕಣಪ್ಪ. ಮೆಕ್ಯಾನಿಕ್ ಖರ್ಚು ಸೊನ್ನೆ! ಪೂಜೆಗಾದ್ರೂ ಬರಾನ ಅಂತ ಬಂದೆ.”

ನಕ್ಕೆ. ಒಳಗೆ ಅಳು ಬಂದಿತ್ತು.

ಪೂಜೆ ಮಾಡುವ ಅಯ್ನೋರು ಚಕ್ರದಡಿ ನಿಂಬೆಹಣ್ಣಿಟ್ಟು, ಕರ್ಪೂರ ಹಚ್ಚಿ, ವಾಡಿಕೆಯಂತೆ “ಒಂದ್ಸಲ ರೈಸ್ ಮಾಡಿ ಸಾರ್, ಸೌಂಡ್ ಬರ್ಲಿ” ಎಂದರು. ಪೆಟ್ರೋಲ್ ಗಾಡಿಯಾದರೆ ನ್ಯೂಟ್ರಲ್‌ನಲ್ಲಿಟ್ಟು ಎಕ್ಸಿಲರೇಟರ್ ತಿರುಗಿಸಿ ಇಂಜಿನ್ ಗುಡುಗಿಸುತ್ತೇವೆ. ಇದಕ್ಕೆ ನ್ಯೂಟ್ರಲ್ಲೂ ಇಲ್ಲ, ಇಂಜಿನ್ನೂ ಇಲ್ಲ. ಮೂವತ್ತು ವರ್ಷದ ಅಭ್ಯಾಸ, ಮೇಷ್ಟ್ರು ಸೀಟಿನ ಮೇಲೆ ಕೂತು ಒಂದೇ ಸಲಕ್ಕೆ ಪೂರ್ತಿ ತಿರುಗಿಸಿದರು.

ನಿಂಬೆಹಣ್ಣು ಚಿಮ್ಮಿತು. “ಅಯ್ಯೋ ದೇವುಡಾ!” ಎಂದು ಮೇಷ್ಟ್ರು ಕೂಗುವಷ್ಟರಲ್ಲಿ ಗಾಡಿ ಮೊದಲನೇ ಬೈಕಿಗೆ ಗುದ್ದಿತು. ಅದು ಎರಡನೆಯದರ ಮೇಲೆ ಬಿತ್ತು, ಎರಡನೆಯದು ಮೂರನೆಯದರ ಮೇಲೆ, ಹೀಗೆ ಒಂಬತ್ತೂ ಮಲಗಿದವು. ಟ್ಯಾಂಕುಗಳಿಂದ ಪೆಟ್ರೋಲ್ ತೊಟ್ಟಿಕ್ಕತೊಡಗಿತು. ಅಯ್ನೋರ ತಟ್ಟೆಯಲ್ಲಿ ಕರ್ಪೂರ ಇನ್ನೂ ಉರಿಯುತ್ತಿತ್ತು. “ಆರ್ಸ್ರೀ, ಆರ್ಸ್ರೀ!” ಎಂದು ಕಿರುಚಿ, ಪಂಚರ್ ನೋಡುವ ತೊಟ್ಟಿಯ ನೀರನ್ನು ಪೂರ್ತಿ ಅಯ್ನೋರ ಮೇಲೆ ಸುರಿದೆ.

ಎಲ್ಲರೂ ಉಸಿರು ಬಿಟ್ಟ ಮೇಲೆ ನೋಡಿದರೆ ಕನ್ನಡಿ, ಇಂಡಿಕೇಟರ್, ಕ್ಲಚ್ ಲಿವರ್, ಫುಟ್‌ರೆಸ್ಟ್, ಹದಿನೈದು ದಿನ ತಲೆಯೆತ್ತಲಾಗದಷ್ಟು ಕೆಲಸ. ಒಂಬತ್ತು ಜನವೂ ಮೇಷ್ಟ್ರನ್ನು ಸುತ್ತಿಕೊಂಡಿದ್ದರು. ಎಲ್ಲ ರಿಪೇರಿಯ ಖರ್ಚೂ ತಮ್ಮದೇ ಎಂದು ಒಪ್ಪಿಕೊಂಡು, ಮೇಷ್ಟ್ರು ನನ್ನ ಹತ್ತಿರ ಬಂದರು.

“ಮೆಕ್ಯಾನಿಕ್ ಖರ್ಚೇ ಇರಾಕಿಲ್ಲ ಅಂದಿದ್ರಲ್ಲೋ ಶೋರೂಮಿನೋರು!”

ಅವರ ಗಾಡಿಯನ್ನು ಒಂದು ಸುತ್ತು ಬಂದು ನೋಡಿದೆ. ಒಂದು ಗೀರೂ ಬಿದ್ದಿರಲಿಲ್ಲ.

“ನಿಜಾನೇ ಹೇಳವ್ರೆ ಮೇಷ್ಟ್ರೇ,” ಎಂದೆ. “ನಿಮ್ಮ ಗಾಡಿಗೆ ಒಂದ್ರೂಪಾಯಿ ಖರ್ಚಿಲ್ಲ. ಈ ಒಂಬತ್ತಕ್ಕೆ ಮಾತ್ರ.”